ಕಾನೂನು ಕೇಳಿ: ಮಾತಿಗೂ ಕೇಡಿಗೂ ನಡುವಿನ ದೂರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಂವಿಧಾನದ 19ನೇ ವಿಧಿಯ ಸುತ್ತಲೇ ಇವೆ. ಹಾಗಾಗಿ ಪಾಲು, ಪೋಡಿ, ಪಹಣಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಬಾರಿಯ ಪುಟಗಳನ್ನು ಮಾತಿನ ಸ್ವಾತಂತ್ರ್ಯಕ್ಕೇ ಬಿಟ್ಟುಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಕಾನೂನು ಓದುತ್ತಿರುವ ವಿದ್ಯಾರ್ಥಿನಿ. 1951ರ ಮೊದಲನೆಯ ತಿದ್ದುಪಡಿಯು ಅಭಿವ್ಯಕ್ತಿ ಸ್ವಾತಂತ್ರ್ಯದ ಕತ್ತು ಹಿಸುಕಿತು ಎಂದು ನಾನು ಓದಿದ ಪುಸ್ತಕವೊಂದು ಹೇಳುತ್ತದೆ. ಅದೇ ತಿದ್ದುಪಡಿ ಆ ಸ್ವಾತಂತ್ರ್ಯಕ್ಕೆ ಕಾವಲು ಕೊಟ್ಟಿತು ಎಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಾರೆ. ಯಾವುದನ್ನು ನಂಬಲಿ? ವಿದ್ವಾಂಸರ ಅಭಿಪ್ರಾಯವೇನು?

ಉತ್ತರ: ಪುಸ್ತಕವೂ ಪ್ರಾಧ್ಯಾಪಕರೂ ಒಂದೇ ವಾಕ್ಯವನ್ನು ಓದಿದ್ದಾರೆ, ಆದರೆ ಬೇರೆ ಬೇರೆ ಪದಗಳ ಮೇಲೆ ಬೆರಳಿಟ್ಟಿದ್ದಾರೆ. ಆ ಪದಗಳು ಹೇಗೆ ಬಂದವು ಎಂಬುದನ್ನು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

1950ರ ಜನವರಿ 26ರಂದು ಜಾರಿಗೆ ಬಂದ ಮೂಲ 19(2)ರಲ್ಲಿ, ಅಂದರೆ 19ನೇ ವಿಧಿಯ ಎರಡನೆಯ ಉಪವಿಧಿಯಲ್ಲಿ, ಮಾತಿನ ಮೇಲೆ ನಿರ್ಬಂಧ ಹೇರಲು ಇದ್ದ ಕಾರಣಗಳು ಕೆಲವೇ: ಮಾನನಷ್ಟ, ನ್ಯಾಯಾಂಗ ನಿಂದನೆ, ಸಭ್ಯತೆ ಮತ್ತು ನೈತಿಕತೆ, ಕೊನೆಗೆ ಪ್ರಭುತ್ವದ ಭದ್ರತೆಯನ್ನು ಕುಂದಿಸುವ ಅಥವಾ ಪ್ರಭುತ್ವವನ್ನೇ ಉರುಳಿಸುವ ಸ್ವಭಾವದ ಮಾತು. ಕರಡಿನಲ್ಲಿದ್ದ ‘ರಾಜದ್ರೋಹ’ ಎಂಬ ಪದವನ್ನು 1948ರ ಡಿಸೆಂಬರ್‌ನಲ್ಲಿ ಕೆ.ಎಂ. ಮುನ್ಷಿಯವರ ತಿದ್ದುಪಡಿಯ ಮೇಲೆ ಸಂವಿಧಾನ ಸಭೆ ತೆಗೆದುಹಾಕಿತ್ತು. ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಪದ ಅಲ್ಲಿ ಇರಲೇ ಇಲ್ಲ. ಅದಕ್ಕೂ ಮುಂಚೆ, 1947ರ ಏಪ್ರಿಲ್‌ನಲ್ಲಿ ಮೂಲಭೂತ ಹಕ್ಕುಗಳ ಚರ್ಚೆಯಾದಾಗ, ಇವುಗಳಲ್ಲಿ ಎಷ್ಟೋ ಹಕ್ಕುಗಳನ್ನು ಪೊಲೀಸ್ ಕಾನ್‌ಸ್ಟೆಬಲ್‌ನ ದೃಷ್ಟಿಯಿಂದ ಬರೆದಂತಿದೆ ಎಂದು ಸಭೆಯ ಕಮ್ಯುನಿಸ್ಟ್ ಸದಸ್ಯ ಸೋಮನಾಥ ಲಾಹಿರಿ ಚುಚ್ಚಿದ್ದರು. ಸಂವಿಧಾನ ಸಭೆಯ ನಡಾವಳಿಯನ್ನು ನೀವು ಇನ್ನೂ ತೆರೆದಿಲ್ಲವಾದರೆ ಆ ಒಂದು ಭಾಷಣದಿಂದ ಶುರುಮಾಡಿ.

ಸಂವಿಧಾನಕ್ಕೆ ನಾಲ್ಕು ತಿಂಗಳು ತುಂಬಿದ ದಿನ, 1950ರ ಮೇ 26ರಂದು, ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು ಪ್ರಕರಣದಲ್ಲಿ ಬೊಂಬಾಯಿಯಿಂದ ಹೊರಡುತ್ತಿದ್ದ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ತನ್ನ ಪ್ರಾಂತ್ಯದೊಳಗೆ ಬರಬಾರದೆಂದು ಮದ್ರಾಸ್ ಸರ್ಕಾರ ತಡೆದಿತ್ತು. ಇನ್ನೊಂದರಲ್ಲಿ ದೆಹಲಿಯ ‘ಆರ್ಗನೈಸರ್’ ಪತ್ರಿಕೆಗೆ, ಕೋಮು ವಿಷಯಗಳನ್ನೂ ಪಾಕಿಸ್ತಾನಕ್ಕೆ ಸಂಬಂಧಿಸಿದ ಸುದ್ದಿ, ಅಭಿಪ್ರಾಯ, ಛಾಯಾಚಿತ್ರ, ವ್ಯಂಗ್ಯಚಿತ್ರಗಳನ್ನೂ ಅಚ್ಚಿಗೆ ಕಳಿಸುವ ಮೊದಲು ಎರಡೆರಡು ಪ್ರತಿ ಮಾಡಿ ಅಧಿಕಾರಿಯ ಮುಂದಿಡಬೇಕು ಎಂಬ ಆದೇಶ ಬಂದಿತ್ತು. ಎಡದ ಪತ್ರಿಕೆಯೂ ಬಲದ ಪತ್ರಿಕೆಯೂ ಒಂದೇ ದಿನ, ಒಂದೇ ತರ್ಕದ ಮೇಲೆ ಗೆದ್ದವು: ಸಾರ್ವಜನಿಕ ಸುವ್ಯವಸ್ಥೆಗೆ ಆಗುವ ಭಂಗವೆಲ್ಲ ಪ್ರಭುತ್ವದ ಭದ್ರತೆಗೆ ಬರುವ ಆಪತ್ತಲ್ಲ, ಮತ್ತು ಸಂವಿಧಾನ ಒಪ್ಪುವುದು ಎರಡನೆಯದನ್ನು ಮಾತ್ರ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ. ಒಪ್ಪದೆ ಬೇರೆ ಬರೆದವರು ಫಜಲ್ ಅಲಿ.

ಸರ್ಕಾರಕ್ಕೆ ಇದು ನುಂಗಲಾರದ ತುತ್ತಾಯಿತು. 1951ರ ಮೇ 12ರಂದು ನೆಹರೂ ತಿದ್ದುಪಡಿ ಮಸೂದೆ ಮಂಡಿಸಿದರು, ಜೂನ್ 18ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ‘ಸಾರ್ವಜನಿಕ ಸುವ್ಯವಸ್ಥೆ’, ‘ವಿದೇಶಗಳೊಡನೆ ಸ್ನೇಹ ಸಂಬಂಧ’, ‘ಅಪರಾಧಕ್ಕೆ ಪ್ರಚೋದನೆ’ ಎಂಬ ಮೂರು ಹೊಸ ಕಾರಣಗಳು ಸೇರಿದವು. ಹಾಗೆ ಸೇರಿದ್ದು ಸಂವಿಧಾನ ಹುಟ್ಟಿದ ದಿನದಿಂದಲೇ ಇತ್ತೆಂದು ಭಾವಿಸತಕ್ಕದ್ದು ಎಂಬ ಮಾತೂ ಸೇರಿತು. ನಿಮ್ಮ ಪುಸ್ತಕದ ಸಿಟ್ಟು ಇದರ ಮೇಲೆ, ಆ ಸಿಟ್ಟಿನಲ್ಲಿ ನ್ಯಾಯವಿದೆ.

ಇನ್ನು ನಿಮ್ಮ ಪ್ರಾಧ್ಯಾಪಕರ ಮಾತು. ಸಂವಿಧಾನ ಸಭೆಯಲ್ಲಿ ಠಾಕೂರ್ ದಾಸ್ ಭಾರ್ಗವ ಅವರು ನಿರ್ಬಂಧಗಳ ಹಿಂದೆ ‘ಸಮಂಜಸ’ ಎಂಬ ವಿಶೇಷಣ ಸೇರಿಸಿದಾಗ ಅದು 19ನೇ ವಿಧಿಯ ಮೂರರಿಂದ ಆರನೆಯ ಉಪವಿಧಿಗಳಿಗೆ ಮಾತ್ರ ಅನ್ವಯಿಸಿತು. ಸಭೆ ಸೇರುವುದಕ್ಕೆ, ಸಂಘ ಕಟ್ಟುವುದಕ್ಕೆ, ಓಡಾಡುವುದಕ್ಕೆ, ವ್ಯಾಪಾರ ಮಾಡುವುದಕ್ಕೆ ಆ ರಕ್ಷಣೆ ಸಿಕ್ಕಿತು, ಮಾತಿಗೆ ಸಿಗಲಿಲ್ಲ. 1951ರ ಮಸೂದೆಯಲ್ಲೂ ಮೊದಲು ಅದಿರಲಿಲ್ಲ. ಆಯ್ಕೆ ಸಮಿತಿಯ ಹಂತದಲ್ಲಿ ಅದು ಒಳಗೆ ಬಂತು. ಈ ಒಂದು ವಿಶೇಷಣದ ಬಲದಿಂದಲೇ ಇಂದಿಗೂ ನ್ಯಾಯಾಲಯ ‘ನಿರ್ಬಂಧ ಇದೆಯೆ’ ಎಂದು ಕೇಳಿ ಸುಮ್ಮನಾಗದೆ, ‘ಇಷ್ಟು ನಿರ್ಬಂಧ ಬೇಕಿತ್ತೆ’ ಎಂದೂ ಕೇಳುತ್ತದೆ.

ನನ್ನನ್ನು ಕೇಳಿದರೆ, ಇಬ್ಬರೂ ನೋಡದೆ ಬಿಟ್ಟ ಪದಗುಚ್ಛವೊಂದಿದೆ, ಕಾದಾಟವೆಲ್ಲ ಅಲ್ಲೇ ನಡೆದಿದೆ. ತಿದ್ದುಪಡಿಯು ‘ಸಾರ್ವಜನಿಕ ಸುವ್ಯವಸ್ಥೆಯನ್ನು ಕಾಪಾಡಲು’ ಎನ್ನಲಿಲ್ಲ, ‘ಅದರ ಹಿತದೃಷ್ಟಿಯಿಂದ’ ಎಂದಿತು. 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಈ ಸಡಿಲ ಪದಗುಚ್ಛವನ್ನೇ ಹಿಡಿದು, ಧಾರ್ಮಿಕ ಭಾವನೆಗಳನ್ನು ದುರುದ್ದೇಶದಿಂದ ಕೆರಳಿಸುವುದನ್ನು ಅಪರಾಧವಾಗಿಸಿದ ಹಳೆಯ ದಂಡಸಂಹಿತೆಯ 295ಎ ಕಲಮನ್ನು ಎತ್ತಿಹಿಡಿದರು. ಆ ಮಾತಿನಿಂದ ನಿಜವಾಗಿ ಗಲಭೆ ಆಗಬೇಕಾಗಿಲ್ಲ, ಆಗುವ ಒಲವಿದ್ದರೆ ಸಾಕು ಎಂಬುದು ಅದರ ಧ್ವನಿ. ಮೂರೇ ವರ್ಷಕ್ಕೆ, 1960ರಲ್ಲಿ, ಕಥೆ ತಿರುಗಿತು. ಹೆಚ್ಚಿಸಿದ ನೀರಾವರಿ ಕರವನ್ನು ಕಟ್ಟಬೇಡಿ ಎಂದು ರೈತರಿಗೆ ಹೇಳಿದ್ದಕ್ಕಾಗಿ ರಾಮಮನೋಹರ ಲೋಹಿಯಾ ಅವರ ಮೇಲೆ ಉತ್ತರ ಪ್ರದೇಶದಲ್ಲಿ ಮೊಕದ್ದಮೆ ಹೂಡಲಾಗಿತ್ತು. ಇಂಥ ಮಾತು ಹಬ್ಬಿ, ಜನ ಕರ ಕಟ್ಟದೆ, ಮುಂದೆ ಅದೇ ದಂಗೆಯಾಗಬಹುದು ಎಂಬುದು ಸರ್ಕಾರದ ವಾದವಾಗಿತ್ತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದನ್ನು ಒಪ್ಪಲಿಲ್ಲ. ಮಾತಿಗೂ ಗಲಭೆಗೂ ನೇರವಾದ, ಹತ್ತಿರದ ನಂಟು ಇರಬೇಕು, ಊಹೆಯ ಸರಪಳಿ ಸಾಲದು ಎಂದರು.

ವಿದ್ವತ್ತಿನ ಮುಖ್ಯ ಜಗಳ ಇರುವುದು ಈ ಎರಡು ತೀರ್ಪುಗಳ ನಡುವೆ. ವಸಾಹತು ಕಾಲದ ನಿರ್ಬಂಧಗಳೇ ಹೆಚ್ಚುಕಡಿಮೆ ಹಾಗೇ ಮುಂದುವರಿದವು, ಸಂವಿಧಾನ ಬಂದು ಮಾತಿನ ಮಟ್ಟಿಗೆ ಆದ ಬದಲಾವಣೆ ಅಷ್ಟಕ್ಕಷ್ಟೇ ಎನ್ನುವುದು ಅಭಿನವ್ ಚಂದ್ರಚೂಡ್ ಅವರ ನಿಲುವು. ಗೌತಮ್ ಭಾಟಿಯಾ ಇದನ್ನು ಎರಡು ದೃಷ್ಟಿಗಳ ಹಗ್ಗಜಗ್ಗಾಟವೆಂದು ಓದುತ್ತಾರೆ: ಒಂದು, ಪ್ರಜೆಯನ್ನು ತಾನೇ ಯೋಚಿಸಬಲ್ಲವನೆಂದು ನಂಬುವ ದೃಷ್ಟಿ, ಇನ್ನೊಂದು, ಅವನನ್ನು ಕೆಟ್ಟ ಮಾತಿನಿಂದ ಕಾಪಾಡಬೇಕಾದ ಮಗುವೆಂದು ಕಾಣುವ ದೃಷ್ಟಿ. ನನಗೆ ಎರಡನೆಯವರ ಓದು ಹೆಚ್ಚು ಉಪಯುಕ್ತವೆನಿಸುತ್ತದೆ, ಏಕೆಂದರೆ ಪಠ್ಯ ಬದಲಾಗದೆಯೂ ತೀರ್ಪುಗಳು ಏಕೆ ಬದಲಾದವು ಎಂಬುದನ್ನು ಅದು ವಿವರಿಸುತ್ತದೆ. ನ್ಯಾಯಾಲಯ ಮೋದಿ ತೀರ್ಪನ್ನು ಎಂದೂ ಅಳಿಸಲಿಲ್ಲ, ಲೋಹಿಯಾ ತೀರ್ಪನ್ನೂ ಬಿಡಲಿಲ್ಲ. ವಕೀಲರು ತಮಗೆ ಬೇಕಾದ್ದನ್ನು ಕೈಗೆತ್ತಿಕೊಳ್ಳುತ್ತಾರೆ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಬಿದ್ದುಹೋದದ್ದು ಲೋಹಿಯಾ ದಾರಿಯಲ್ಲಿ: ಚರ್ಚೆಯೂ ಸರಿ, ಪ್ರತಿಪಾದನೆಯೂ ಸರಿ, ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಕಾನೂನು ಕೈಹಾಕಬಹುದು.

1963ರ ಹದಿನಾರನೆಯ ತಿದ್ದುಪಡಿ ‘ಸಾರ್ವಭೌಮತೆ ಮತ್ತು ಅಖಂಡತೆ’ಯನ್ನು ಸೇರಿಸಿದ ಮೇಲೆ ಪಟ್ಟಿಯಲ್ಲಿ ಎಂಟು ಕಾರಣಗಳಾದವು. 2023ರ ಜನವರಿ 3ರ ಕೌಶಲ್ ಕಿಶೋರ್ ತೀರ್ಪಿನ ಪ್ರಕಾರ ಆ ಪಟ್ಟಿ ಅಷ್ಟೇ, ನ್ಯಾಯಾಲಯವೂ ಒಂಬತ್ತನೆಯದನ್ನು ಹುಟ್ಟಿಸುವಂತಿಲ್ಲ. ಪರೀಕ್ಷೆಯಲ್ಲಿ ಎಂಟನ್ನೂ ಬಾಯಿಪಾಠ ಒಪ್ಪಿಸಿ ಅಂಕ ಗಳಿಸಿ, ಅಡ್ಡಿಯಿಲ್ಲ. ಆದರೆ ಮೊಕದ್ದಮೆಯೊಂದನ್ನು ಓದುವಾಗ ಎಂಟರಲ್ಲಿ ಯಾವುದು ಎಂಬುದಕ್ಕಿಂತ ಮೊದಲು, ಮಾತಿನಿಂದ ಕೇಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ.

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಹಳ್ಳಿಯ ಹವ್ಯಾಸಿ ನಾಟಕ ತಂಡ. ಜಾತ್ರೆಯ ಮರುದಿನ ಆಡಬೇಕಿದ್ದ ನಾಟಕದಲ್ಲಿ ತಮ್ಮ ಸಮುದಾಯವನ್ನು ಹೀಯಾಳಿಸಲಾಗಿದೆ ಎಂದು ಒಂದು ಗುಂಪು ದೂರು ಕೊಟ್ಟಿತು, ಆಡಿದರೆ ಬಿಡುವುದಿಲ್ಲ ಎಂದಿತು. ಪ್ರದರ್ಶನ ನಿಲ್ಲಿಸಿ ಎಂದು ನಮಗೇ ನೋಟಿಸ್ ಬಂದಿದೆ. ಪ್ರತಿ ಲಗತ್ತಿಸಿದ್ದೇನೆ. ಮುಂದಿನ ತಿಂಗಳು ಆಡಬಹುದೇ?

ಉತ್ತರ: ನೋಟಿಸನ್ನು ಎರಡು ಸಲ ಓದಿದೆ. ಇರುವುದು ಎರಡೇ ವಾಕ್ಯ. ಮೊದಲನೆಯದರಲ್ಲಿ ‘ಶಾಂತಿ ಮತ್ತು ಸುವ್ಯವಸ್ಥೆಗೆ ಧಕ್ಕೆ ಬರುವ ಸಂಭವ ಇರುವುದಾಗಿ ತಿಳಿದುಬಂದಿದ್ದು’ ಎಂದಿದೆ, ಎರಡನೆಯದರಲ್ಲಿ ‘ತಪ್ಪಿದಲ್ಲಿ ತಮ್ಮನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು’ ಎಂದಿದೆ. ಯಾವ ಕಾಯ್ದೆ, ಯಾವ ಕಲಮು, ನಾಟಕದ ಯಾವ ಮಾತು, ಯಾರಿಂದ ತಿಳಿದುಬಂತು, ಯಾವುದೂ ಇಲ್ಲ. ನಾಟಕದ ಪ್ರತಿಯನ್ನು ಯಾರಾದರೂ ಓದಿದರೆಂಬ ಸೂಚನೆಯೂ ಇಲ್ಲ. ಬೆದರಿಸಿದವರನ್ನು ಬಿಟ್ಟು, ಬೆದರಿಕೆಗೆ ಒಳಗಾದವರನ್ನು ಹೊಣೆಗಾರರನ್ನಾಗಿ ಮಾಡುವ ಈ ಭಾಷೆ ನಮ್ಮ ಕಚೇರಿಗಳಲ್ಲಿ ಅದೆಷ್ಟು ಒಗ್ಗಿಹೋಗಿದೆಯೆಂದರೆ, ಅದರ ವಿಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ, ಅದನ್ನು ಹಾಗೆ ಬರೆದಿಟ್ಟವರು ಕರ್ನಾಟಕದವರೇ ಆದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು. ಮೀಸಲಾತಿ ನೀತಿಯನ್ನು ಟೀಕಿಸುವ ತಮಿಳು ಚಲನಚಿತ್ರವೊಂದರ ಸೆನ್ಸಾರ್ ಪ್ರಮಾಣಪತ್ರವನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿತ್ತು. ತೆರೆಕಂಡರೆ ಗಲಭೆಯಾದೀತು ಎಂಬುದು ತಮಿಳುನಾಡು ಸರ್ಕಾರದ ಅಳಲು. 1989ರ ರಂಗರಾಜನ್ ತೀರ್ಪು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ ಎರಡು ಮಾತು ಹೇಳಿತು. ಮಾತಿಗೂ ಅಪಾಯಕ್ಕೂ ಇರುವ ನಂಟು ಮದ್ದಿನ ಪೀಪಾಯಿಯಲ್ಲಿ ಬಿದ್ದ ಕಿಡಿಯಷ್ಟು ಹತ್ತಿರದ್ದಾಗಿರಬೇಕು. ಮೆರವಣಿಗೆ, ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆಯೆಂದು ಅಭಿವ್ಯಕ್ತಿಯನ್ನು ಹತ್ತಿಕ್ಕಿದರೆ ಅದು ಕಾನೂನಿನ ಆಳ್ವಿಕೆಯನ್ನು ಬಿಟ್ಟುಕೊಟ್ಟು ಬೆದರಿಕೆಗೆ ಶರಣಾದಂತೆ; ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ, ಕೈಲಾಗುವುದಿಲ್ಲ ಎನ್ನುವುದು ನೆಪವಾಗದು.

ಇದೇ ತತ್ವ ನಮ್ಮ ರಾಜ್ಯದ ಮುಂದೆಯೇ 2025ರ ಜೂನ್‌ನಲ್ಲಿ ಮತ್ತೆ ಬಂತು. ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಅರ್ಥ ಬರುವಂತೆ ಕಮಲ್ ಹಾಸನ್ ಆಡಿದ ಮಾತಿನಿಂದಾಗಿ ಅವರ ಚಿತ್ರ ಇಲ್ಲಿ ತೆರೆಕಾಣದೆ ಹೋದಾಗ, ಪ್ರಮಾಣಪತ್ರ ಪಡೆದ ಚಿತ್ರವನ್ನು ಬೀದಿಯ ಗುಂಪು ತಡೆಯಲಾಗದು ಎಂದ ಸುಪ್ರೀಂ ಕೋರ್ಟ್, ರಕ್ಷಣೆ ಕೊಡುತ್ತೇವೆಂಬ ರಾಜ್ಯದ ಭರವಸೆಯನ್ನು ದಾಖಲಿಸಿಕೊಂಡು ಪ್ರಕರಣ ಮುಗಿಸಿತು. ಕಮಲ್ ಅವರ ಆ ಮಾತು ತಪ್ಪು. ಕನ್ನಡ ತಮಿಳುಗಳು ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಒಡಹುಟ್ಟುಗಳೆಂದು ಭಾಷಾವಿಜ್ಞಾನ ಓದಿದ ಯಾರಾದರೂ ಹೇಳಿಯಾರು. ತಪ್ಪು ಮಾತಿಗೆ ಉತ್ತರ ಅಲ್ಲಿತ್ತು. ಚಿತ್ರಮಂದಿರದ ಬಾಗಿಲಲ್ಲಿ ಅಲ್ಲ.

ಹೀಗೆಂದು ನಿಮ್ಮ ಹಾದಿ ಸಲೀಸು ಎಂದು ನಾನು ಹೇಳಲಾರೆ. ಬಸವಣ್ಣನವರ ಕುಟುಂಬವನ್ನು ಕುರಿತ ಕನ್ನಡ ಕಾದಂಬರಿಯೊಂದನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಬರಗೂರು ರಾಮಚಂದ್ರಪ್ಪನವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದಾಗ, 2007ರಲ್ಲಿ ನ್ಯಾಯಾಲಯ ಮುಟ್ಟುಗೋಲನ್ನೇ ಎತ್ತಿಹಿಡಿಯಿತು. ಆ ತೀರ್ಪನ್ನು ರಂಗರಾಜನ್ ತೀರ್ಪಿನ ಪಕ್ಕದಲ್ಲಿಟ್ಟು ಓದಿದರೆ ಇವೆರಡೂ ಒಂದೇ ಸಂವಿಧಾನದ ಮಕ್ಕಳೇ ಎಂಬ ಅನುಮಾನ ಬರುತ್ತದೆ. ಒಂದರಲ್ಲಿ ಅಳತೆಗೋಲು ಹತ್ತಿರದ ಅಪಾಯ, ಇನ್ನೊಂದರಲ್ಲಿ ಶ್ರದ್ಧಾವಂತರ ಮನಸ್ಸಿಗೆ ಆಗುವ ನೋವು. ಧರ್ಮ ಅಥವಾ ಪೂಜ್ಯ ವ್ಯಕ್ತಿಗಳ ವಿಷಯ ಬಂದಾಗ ನ್ಯಾಯಾಲಯಗಳು ಎರಡನೆಯದರತ್ತ ವಾಲುವುದು ಹೆಚ್ಚು. ನಿಮ್ಮ ನಾಟಕದ ಆಕ್ಷೇಪಿತ ದೃಶ್ಯ ಅಂಥದ್ದೇ ಆಗಿದ್ದರೆ ಆಡುವ ಮುನ್ನ ಒಬ್ಬ ವಕೀಲರಿಗೆ ಪ್ರತಿ ತೋರಿಸಿ.

ಈಗ ಮಾಡಬೇಕಾದ್ದು ಇಷ್ಟು. ಯಾವ ಕಲಮಿನಡಿ ಈ ನೋಟಿಸ್ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. 1876ರ ಬ್ರಿಟಿಷ್ ನಾಟಕ ಪ್ರದರ್ಶನ ಕಾಯ್ದೆಯನ್ನು ಸಂಸತ್ತು ರದ್ದು ಮಾಡಿ ವರ್ಷಗಳಾದವು, ಅದನ್ನು ಹೆಸರಿಸಿದರೆ ಆ ಮಾತು ನಿಲ್ಲದು. ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು, ಅಂದರೆ ಹಳೆಯ 144, ಎಂದರೆ ಅದರ ಆದೇಶದಲ್ಲಿ ಸಂಗತಿಗಳನ್ನು ವಿವರಿಸಿರಬೇಕು. ನ್ಯಾಯಸಮ್ಮತ ಅಭಿವ್ಯಕ್ತಿಯನ್ನು ಹತ್ತಿಕ್ಕಲು ಅದನ್ನು ಬಳಸಲಾಗದೆಂದು 2020ರ ಅನುರಾಧಾ ಭಾಸಿನ್ ತೀರ್ಪು ಹೇಳಿದೆ. ಪ್ರದರ್ಶನದ ದಿನಾಂಕಕ್ಕೆ ಎರಡು ವಾರ ಮುಂಚೆಯೇ ರಕ್ಷಣೆ ಕೋರಿ ಅರ್ಜಿ ಕೊಡಿ. ಉತ್ತರ ಬಾರದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಲು ಅದೇ ದಾಖಲೆಯಾಗುತ್ತದೆ. ಮೈಕಿನ ಅನುಮತಿ ಬೇರೆಯದೇ ವಿಷಯ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಿದರೆ ಆ ಮೊಕದ್ದಮೆಯಲ್ಲಿ 19ನೇ ವಿಧಿ ನಿಮ್ಮ ನೆರವಿಗೆ ಬರುವುದಿಲ್ಲ.

ಪ್ರಶ್ನೆ: ದೇಶದ್ರೋಹದ ಕಾನೂನನ್ನು ತೆಗೆದುಹಾಕಲಾಗಿದೆ ಎಂದು ಪತ್ರಿಕೆಗಳಲ್ಲಿ ಓದಿದೆ. ಆದರೂ ಹೊಸ ಮೊಕದ್ದಮೆಗಳ ಸುದ್ದಿ ಬರುತ್ತಲೇ ಇದೆ. ನಿವೃತ್ತ ಉಪನ್ಯಾಸಕನಾದ ನನಗೆ ಇದು ಅರ್ಥವಾಗುತ್ತಿಲ್ಲ. (ಹಾಸನ)

ಉತ್ತರ: ಗೊಂದಲದ ಅರ್ಧಪಾಲು ಹುಟ್ಟುವುದು ನಾವು ಬಳಸುವ ಪದದಿಂದ. 1870ರಲ್ಲಿ ದಂಡಸಂಹಿತೆಗೆ ಸೇರಿಸಿದ 124ಎ ಕಲಮು ಶಿಕ್ಷಿಸುತ್ತಿದ್ದದ್ದು ‘ಸರ್ಕಾರ’ದ ವಿರುದ್ಧ ದ್ವೇಷ, ತಿರಸ್ಕಾರ ಹುಟ್ಟಿಸುವುದನ್ನು. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ರಾಜದ್ರೋಹ. ನಮ್ಮ ಪತ್ರಿಕೆಗಳು ಅದನ್ನು ದೇಶದ್ರೋಹ ಎಂದು ಬರೆದು ಬರೆದು, ಸರ್ಕಾರವೇ ದೇಶ ಎಂಬ ಭಾವನೆಯನ್ನು ಓದುಗರ ತಲೆಯಲ್ಲಿ ಕೂರಿಸಿಬಿಟ್ಟಿವೆ. ಟಿಳಕರ ಮೇಲೂ, 1922ರಲ್ಲಿ ಗಾಂಧೀಜಿಯವರ ಮೇಲೂ ಹೂಡಿದ್ದು ಇದೇ ಕಲಮು; ಅವರು ಯಾವ ದೇಶಕ್ಕೆ ದ್ರೋಹ ಬಗೆದಿದ್ದರು?

ಸಂವಿಧಾನ ಸಭೆ ಬಾಗಿಲಲ್ಲಿ ಹೊರಹಾಕಿದ ರಾಜದ್ರೋಹ ದಂಡಸಂಹಿತೆಯ ಕಿಟಕಿಯಲ್ಲಿ ಉಳಿದುಕೊಂಡಿತ್ತು. 1962ರ ಕೇದಾರನಾಥ್ ಸಿಂಗ್ ತೀರ್ಪಿನಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಲಿಲ್ಲ. ಹಿಂಸೆಗೆ ಅಥವಾ ಸಾರ್ವಜನಿಕ ಅವ್ಯವಸ್ಥೆಗೆ ಪ್ರಚೋದಿಸುವ ಉದ್ದೇಶ ಇಲ್ಲವೇ ಒಲವು ಇರುವ ಮಾತಿಗಷ್ಟೇ ಅದು ಅನ್ವಯಿಸುತ್ತದೆ ಎಂದು ಅರ್ಥ ಕಿರಿದುಮಾಡಿ ಉಳಿಸಿತು. ಆ ಕಿರಿದಾದ ಅರ್ಥ ಸುಪ್ರೀಂ ಕೋರ್ಟಿನ ಗ್ರಂಥಾಲಯದಲ್ಲಿ ಉಳಿಯಿತು, ಠಾಣೆಗಳಿಗೆ ತಲುಪಲಿಲ್ಲ. ಬೀದರ್‌ನ ಶಾಲೆಯೊಂದರ ಮಕ್ಕಳು 2020ರ ಜನವರಿಯಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಆಡಿದ ಪುಟ್ಟ ನಾಟಕದ ಮೇಲೆ ಇದೇ ಕಲಮು ಬಿತ್ತು, ಬಂಧನಗಳಾದವು, ಮಕ್ಕಳನ್ನು ಕೂರಿಸಿ ಪೊಲೀಸರು ವಿಚಾರಣೆ ನಡೆಸಿದರು. ಪ್ರಧಾನಿಯ ಬಗ್ಗೆ ಆಡಿದ ಮಾತು ಹೊಣೆಗೇಡಿಯದ್ದಾಗಿರಬಹುದು, ರಾಜದ್ರೋಹವಲ್ಲ ಎಂದು ಹೈಕೋರ್ಟಿನ ಕಲಬುರಗಿ ಪೀಠ ಮೊಕದ್ದಮೆ ರದ್ದುಮಾಡಿದ್ದು 2023ರ ಜೂನ್‌ನಲ್ಲಿ. ತೀರ್ಪು ಸರಿಯಾಗಿತ್ತು. ನಡುವಿನ ಮೂರೂವರೆ ವರ್ಷಕ್ಕೆ ಯಾವ ತೀರ್ಪಿನಲ್ಲೂ ಪರಿಹಾರವಿಲ್ಲ.

ಈ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ಅಮಾನತಿನಲ್ಲಿಟ್ಟಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ‘ರಾಜದ್ರೋಹ’ ಎಂಬ ಹೆಸರು ಹೋಯಿತು. ಅದರ ಜಾಗದಲ್ಲಿ ಬಂದ 152ನೇ ಕಲಮು ಪ್ರತ್ಯೇಕತೆ, ಸಶಸ್ತ್ರ ದಂಗೆ, ವಿಧ್ವಂಸಕ ಚಟುವಟಿಕೆಗಳನ್ನು ಕೆರಳಿಸುವುದನ್ನೂ, ‘ಪ್ರತ್ಯೇಕತಾವಾದಿ ಚಟುವಟಿಕೆಯ ಭಾವನೆಗಳನ್ನು’ ಉತ್ತೇಜಿಸುವುದನ್ನೂ, ದೇಶದ ಅಖಂಡತೆಗೆ ಅಪಾಯ ತರುವುದನ್ನೂ ಶಿಕ್ಷಿಸುತ್ತದೆ. ಉದ್ದೇಶಪೂರ್ವಕವಾಗಿ ಅಥವಾ ತಿಳಿದೂ ಮಾಡಿರಬೇಕು ಎಂಬ ಷರತ್ತು ಹೊಸದು, ಒಳ್ಳೆಯದು. ಸರ್ಕಾರದ ಮೇಲಿನ ದ್ವೇಷ ಎಂಬ ಮಾತು ಕಾಣೆಯಾದದ್ದೂ ಒಳ್ಳೆಯದೇ. ಆದರೆ ಜೀವಾವಧಿಯನ್ನು ಬಿಟ್ಟರೆ ಮೂರು ವರ್ಷವಿದ್ದ ಗರಿಷ್ಠ ಶಿಕ್ಷೆ ಏಳಕ್ಕೇರಿದೆ, ಮತ್ತು ‘ಭಾವನೆಗಳನ್ನು ಉತ್ತೇಜಿಸುವುದು’ ಎಂಬುದನ್ನು ಅಳೆಯುವ ಗಜಕೋಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸುದ್ದಿಯಲ್ಲಿ ನೀವು ಓದುತ್ತಿರುವ ಹೊಸ ಮೊಕದ್ದಮೆಗಳಿಗೆ ದಾರಿ ಇದೇ.

ಬಾಗಿಲಲ್ಲೇ ತಡೆಯುವ ಒಂದು ವ್ಯವಸ್ಥೆ ಇತ್ತೀಚೆಗೆ ಗಟ್ಟಿಯಾಗಿದೆ. ಕವಿತೆಯೊಂದನ್ನು ಹಂಚಿಕೊಂಡ ಸಂಸದ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಗುಜರಾತಿನಲ್ಲಿ ದಾಖಲಾದ ಎಫ್‌ಐಆರ್ ಅನ್ನು 2025ರ ಮಾರ್ಚ್ 28ರಂದು ರದ್ದುಮಾಡಿದ ಸುಪ್ರೀಂ ಕೋರ್ಟ್, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವನ್ನು ಮಾತಿನ ಮೇಲೆ ಹೊರಿಸುವಾಗ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಯುಕ್ತ ಎಂದಿತು. ಪೀಠದ ನೇತೃತ್ವ ವಹಿಸಿದ್ದವರು ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. ಮಾತನ್ನು ಗಟ್ಟಿ ಮನಸ್ಸಿನವರ ದೃಷ್ಟಿಯಿಂದ ಅಳೆಯಬೇಕೇ ಹೊರತು ಎಲ್ಲದರಲ್ಲೂ ಹಗೆತನ ಕಾಣುವ ದುರ್ಬಲ ಮನಸ್ಸಿನಿಂದ ಅಲ್ಲ ಎಂದೂ ಪೀಠ ನೆನಪಿಸಿತು. ಜೀವಾವಧಿ ಇರುವ 152ನೇ ಕಲಮಿಗೆ ಮಾತ್ರ ಈ ಪ್ರಾಥಮಿಕ ವಿಚಾರಣೆಯ ನೆರಳು ಸಿಗುವುದಿಲ್ಲ.

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದ ಕನ್ನಡಿಗ ನಾನು. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಬೆಂಗಳೂರಿಗೆ ಬಂದಾಗ ಭಾಷಣ ಮಾಡಿದರೆ 19ನೇ ವಿಧಿ ನನಗೂ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. 19ನೇ ವಿಧಿ ‘ಎಲ್ಲ ನಾಗರಿಕರಿಗೆ’ ಎಂದು ಶುರುವಾಗುತ್ತದೆ, ಓಸಿಐ ಪೌರತ್ವವಲ್ಲ. ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಯಾವ ವ್ಯಕ್ತಿಗಾದರೂ ಅನ್ವಯಿಸುವುದರಿಂದ ನಿಮಗೂ ಸಿಗುತ್ತವೆ. ನೀವು ಈಗಿರುವ ದೇಶದ ಅಭ್ಯಾಸವನ್ನು ಇಲ್ಲಿಗೆ ಹೊತ್ತು ತರಬೇಡಿ: ಅಲ್ಲಿಯ ಮೊದಲನೆಯ ತಿದ್ದುಪಡಿ ಮಾತನ್ನು ಕಾಯಲು ಬಂದದ್ದು, ಇಲ್ಲಿಯ ಮೊದಲನೆಯ ತಿದ್ದುಪಡಿ ಮಾತಿಗೆ ಬೇಲಿ ಹಾಕಲು ಬಂದದ್ದು. 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನ ನಂತರ ಅಲ್ಲಿ ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸಿದರೆ ಮಾತ್ರ ಶಿಕ್ಷೆ. ಇಲ್ಲಿ ಧಾರ್ಮಿಕ ಭಾವನೆಯನ್ನು ದುರುದ್ದೇಶದಿಂದ ಕೆರಳಿಸಿದರೂ ಅಪರಾಧ.

ಪ್ರಶ್ನೆ: ಸರ್ಕಾರಿ ಶಾಲೆಯ ಶಿಕ್ಷಕಿ. ಶಿಕ್ಷಣ ನೀತಿಯನ್ನು ಟೀಕಿಸಿ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಕಾರಣ ಕೇಳಿ ನೋಟಿಸ್ ಬಂದಿದೆ. ಸಂವಿಧಾನ ನನ್ನನ್ನು ಕಾಯುವುದಿಲ್ಲವೇ?

ಉತ್ತರ: ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ 19ನೇ ವಿಧಿ ಕಳಚಿಬೀಳುವುದಿಲ್ಲ ಎಂದು 1962ರ ಕಾಮೇಶ್ವರ ಪ್ರಸಾದ್ ತೀರ್ಪು ಹೇಳಿದೆ. ಆದರೆ ನಮ್ಮ ರಾಜ್ಯದ 2021ರ ನಾಗರಿಕ ಸೇವಾ ನಡತೆ ನಿಯಮಗಳೂ ಇವೆ, ಇಲಾಖೆ ಮೊದಲು ಹಿಡಿಯುವುದು ಅವನ್ನೇ. ನಿಮ್ಮ ಬರಹದಲ್ಲಿ ತರಗತಿಯ ಅನುಭವದ ಮೇಲಿನ ಅಭಿಪ್ರಾಯವಿದೆಯೇ ಹೊರತು ಗೌಪ್ಯ ಕಡತದ ಮಾಹಿತಿಯಾಗಲಿ ಪಕ್ಷದ ಪ್ರಚಾರವಾಗಲಿ ಕಾಣಲಿಲ್ಲ. ಉತ್ತರದಲ್ಲಿ ಅದನ್ನೇ ಮೊದಲು ಹೇಳಿ, ತೀರ್ಪಿನ ಮಾತನ್ನು ಕೊನೆಗೆ ಇಡಿ. ಇಲಾಖಾ ವಿಚಾರಣಾಧಿಕಾರಿಯ ಮುಂದೆ ಸಂವಿಧಾನದಿಂದ ಶುರುಮಾಡಿದವರಿಗಿಂತ ಸಂಗತಿಯಿಂದ ಶುರುಮಾಡಿದವರೇ ಹೆಚ್ಚು ಪಾರಾಗಿರುವುದನ್ನು ಕಂಡಿದ್ದೇನೆ.

ಪ್ರಶ್ನೆ: ಜಿಲ್ಲಾ ಮಟ್ಟದ ಪಾಕ್ಷಿಕ ನಡೆಸುತ್ತೇನೆ. ಗುತ್ತಿಗೆ ಕಾಮಗಾರಿಯೊಂದರ ಕುರಿತು ಸರಣಿ ಶುರುಮಾಡಿದ್ದೆ. ಎರಡನೆಯ ಕಂತು ಅಚ್ಚಾಗುವ ಮೊದಲೇ, ನನ್ನ ಮಾತನ್ನೇ ಕೇಳದೆ, ಬೇರೆ ಊರಿನ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ಬಂತು. ಎಲ್ಲ ದಾಖಲೆಗಳೂ ಮಾಹಿತಿ ಹಕ್ಕಿನಡಿ ಪಡೆದವು. ಏನು ಮಾಡಲಿ?

ಉತ್ತರ: ಇಂದು ಪತ್ರಿಕೆಗಳ ಬಾಯಿ ಮುಚ್ಚಿಸುವ ಕೆಲಸದಲ್ಲಿ ಸರ್ಕಾರದ ಆದೇಶಕ್ಕಿಂತ ಇಂಥ ಏಕಪಕ್ಷೀಯ ತಡೆಯಾಜ್ಞೆಗಳದ್ದೇ ಮೇಲುಗೈ ಎಂಬುದು ನನ್ನ ಅನಿಸಿಕೆ. ವಿದ್ವಾಂಸರು ರಾಜದ್ರೋಹದ ಬಗ್ಗೆ ಸಂಪುಟಗಟ್ಟಲೆ ಬರೆದಿದ್ದಾರೆ, ಇಂಥ ತಡೆಯಾಜ್ಞೆಗಳ ನಿಯಮಗಳಿರುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಬಗ್ಗೆ ಬರೆದದ್ದು ಕಡಿಮೆ.

ನಿಮ್ಮ ಪರವಾಗಿ ಎರಡು ತೀರ್ಪುಗಳಿವೆ. ಸಾರ್ವಜನಿಕ ದಾಖಲೆಗಳನ್ನು ಆಧರಿಸಿದ ಬರಹವನ್ನು, ಅದರಿಂದ ಮಾನನಷ್ಟವಾದೀತೆಂಬ ಭಯದಿಂದ ಅಧಿಕಾರಿಗಳು ಮುಂಚಿತವಾಗಿ ತಡೆಯಲಾಗದು ಎಂದದ್ದು 1994ರ ರಾಜಗೋಪಾಲ್ ತೀರ್ಪು. ಬ್ಲೂಮ್‌ಬರ್ಗ್ ಪ್ರಕರಣದಲ್ಲಿ 2024ರ ಮಾರ್ಚ್ 22ರಂದು ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ, ಬರಹವು ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಎಂದು ಕಂಡುಬಂದ ಅಪರೂಪದ ಸಂದರ್ಭದಲ್ಲಿ ಮಾತ್ರ ವಿಚಾರಣೆಗೆ ಮುನ್ನ ತಡೆ ಕೊಡಬಹುದು ಎಂದಿತು. ವರ್ಷಗಟ್ಟಲೆ ವಿಚಾರಣೆ ನಡೆಯುವಲ್ಲಿ ಮಧ್ಯಂತರ ತಡೆಯೇ ಬರಹಕ್ಕೆ ಮರಣದಂಡನೆಯಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ.

39ನೇ ಆದೇಶದ 3ನೇ ನಿಯಮದಂತೆ, ಎದುರಾಳಿಯನ್ನು ಕೇಳದೆ ತಡೆ ಕೊಡುವುದಾದರೆ ನ್ಯಾಯಾಲಯ ಕಾರಣ ದಾಖಲಿಸಬೇಕು. ವಾದಿಯು ದಾವೆಯ ಪ್ರತಿಗಳನ್ನು ತಕ್ಷಣವೇ ನಿಮಗೆ ಕಳಿಸಿ, ಕಳಿಸಿದ್ದೇನೆಂದು ಅದೇ ದಿನ ಅಥವಾ ಮರುದಿನ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ನಿಮಗೆ ಬಂದ ಲಕೋಟೆಯ ಅಂಚೆ ಮುದ್ರೆಯ ದಿನಾಂಕ ನೋಡಿ. ಆದೇಶದ ದಿನಕ್ಕೂ ಅದಕ್ಕೂ ವಾರದ ಅಂತರವಿದ್ದರೆ ಆ ಲಕೋಟೆಯನ್ನು ಜೋಪಾನವಾಗಿಡಿ, 4ನೇ ನಿಯಮದಡಿ ತಡೆ ತೆರವಿಗೆ ಅರ್ಜಿ ಹಾಕುವಾಗ ಮೊದಲ ಲಗತ್ತು ಅದೇ ಆಗಲಿ. ತಡೆ ಇರುವವರೆಗೆ ಎರಡನೆಯ ಕಂತನ್ನು ಅಚ್ಚು ಮಾಡಬೇಡಿ, ವಾಟ್ಸ್ಆ್ಯಪ್‌ನಲ್ಲೂ ಹರಿಬಿಡಬೇಡಿ. ಆದೇಶ ತಪ್ಪಾಗಿದ್ದರೂ ಮೀರಿದರೆ ಶಿಕ್ಷೆ ನಿಮಗೇ. ನಿಜವೆಂಬುದೊಂದೇ ಕ್ರಿಮಿನಲ್ ಮಾನನಷ್ಟದ ಆರೋಪಕ್ಕೆ ಉತ್ತರವಲ್ಲ, ಪ್ರಕಟಣೆ ಸಾರ್ವಜನಿಕ ಹಿತಕ್ಕಾಗಿ ಎಂಬುದನ್ನೂ ತೋರಿಸಬೇಕು. ಆದ್ದರಿಂದ ಮೊದಲ ಕಂತಿನಲ್ಲೇ ಕಾಮಗಾರಿಯ ಹಣ ಯಾರದ್ದು ಎಂದು ಬರೆದದ್ದು ಒಳ್ಳೆಯದಾಯಿತು.

ಮೂರನೆಯ ಕಂತಿನ ಹೊತ್ತಿಗೆ ಇನ್ನೊಬ್ಬರ ಹೆಸರು ಬರುತ್ತದೆ ಎಂದಿದ್ದೀರಿ. ಅವರು ದಾವೆ ಹೂಡಬಹುದಾದ ನ್ಯಾಯಾಲಯಗಳಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಈಗಲೇ ಕೇವಿಯಟ್ ಹಾಕಿ, ಆಗ ನಿಮಗೆ ತಿಳಿಸದೆ ಮಧ್ಯಂತರ ಅರ್ಜಿಯ ವಿಚಾರಣೆ ನಡೆಯಲಾರದು. ಅದರ ಆಯಸ್ಸು 90 ದಿನ. ಸರಣಿ ಅದಕ್ಕಿಂತ ದೀರ್ಘವಾದರೆ ಇನ್ನೊಮ್ಮೆ ಹಾಕಬೇಕಾಗುತ್ತದೆ; ಮುದ್ರಣಾಲಯದ ಗೋಡೆಯ ಕ್ಯಾಲೆಂಡರಿನಲ್ಲಿ ಸಂಚಿಕೆಯ ದಿನಾಂಕಗಳ ಜೊತೆಗೆ ಅದನ್ನೂ ಬರೆದಿಡಿ.